ಮತ್ತಾಯನೂ ನಮ್ಮೂರಿನ ಹೆಳವನೂ

ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿ ನನಗೆ ಅಭ್ಯಾಸವಿಲ್ಲ. ಮುನ್ನುಡಿ, ಅರ್ಪಣೆ, ಕೃತಜ್ಞತೆಗಳೆಲ್ಲ ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ. ಅವರಿಗೊಂದು ನಗೆ ಕೊಟ್ಟು ಸೀದಾ ಊಟದ ಪಂಕ್ತಿಗೆ ನುಗ್ಗುವವನು ನಾನು. ಅಂಥವನು ಒಂದೇ ಒಂದು ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ವಾರಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ. ಅದು ಕ್ರೈಸ್ತರ ಶುಭಸಂದೇಶ. ಅವರಲ್ಲಿ ನಾಲ್ಕು ಶುಭಸಂದೇಶಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತಾಯ ಎಂಬಾತ ಬರೆದದ್ದು.

ಕೊಟ್ಟವನು ರಾಯಪ್ಪ. ಕನಕಪುರದ ಕಡೆಯ ಕ್ರೈಸ್ತ. ಹೆಸರು ಕೇಳಿದರೆ ನಮ್ಮವನು, ಮಾತು ಕೇಳಿದರೆ ಇನ್ನೂ ನಮ್ಮವನು, ಮುದ್ದೆ ನುಂಗುವುದರಲ್ಲಂತೂ ನಮಗಿಂತ ಒಂದು ಕೈ ಮೇಲು. ಮೊದಲು ರೇಷ್ಮೆ ಹುಳು ಸಾಕುತ್ತಿದ್ದ. ಬಿಡದಿ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಎದ್ದ ಆ ವರ್ಷಗಳಲ್ಲಿ ಹುಳುವಿಗೆ ಸೊಪ್ಪು ಹಾಕುವುದನ್ನು ಬಿಟ್ಟು, ಒಂದು ಕಾರ್ಖಾನೆಯ ಕೆಲಸಗಾರರ ಬಸ್ಸಿಗೆ ಡ್ರೈವರಾದ. ನಾನು ರಾಮನಗರದಲ್ಲಿ ವಿಮೆ ಏಜೆಂಟ್. ಹೊಸ ಡ್ರೈವರು, ಹೊಸ ಸಂಬಳ ಎಂದ ಮೇಲೆ ನಾನು ಬಿಟ್ಟೇನೆ? ಹಿಡಿದು ಕೂರಿಸಿದೆ. ವಿಮೆ ಮಾಡಿಸುವವರನ್ನು ಕೇಳಲೇಬೇಕಾದ ಪ್ರಶ್ನೆಗಳಿರುತ್ತವೆ. ತಂದೆ ಇದ್ದಾರಾ? ಇಲ್ಲದಿದ್ದರೆ ಏನಾಗಿ ಹೋದರು? ತಾತ ಎಷ್ಟು ವಯಸ್ಸಿನವರೆಗೆ ಇದ್ದರು? ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ? ರಾಯಪ್ಪ ಸುಮಾರು ಹೊತ್ತು ತಾಳ್ಮೆಯಿಂದ ಉತ್ತರ ಹೇಳಿ, ಕೊನೆಗೆ ಬಸ್ಸಿನ ಸ್ಟೇರಿಂಗ್ ಪಕ್ಕದಲ್ಲಿದ್ದ ಅಂಗೈಯಗಲದ ಪುಸ್ತಕ ತೆಗೆದು ನನ್ನ ಕೈಗಿಟ್ಟ.

"ನಮ್ ವಂಸ ಇಷ್ಟು ಜಾಲಾಡ್ತೀರಲ್ಲ ಸಾ, ನಮ್ ಏಸುಸಾಮಿ ವಂಸ ಒಂದ್ಸಲ ಓದ್ಬುಡಿ. ಅದ್ರ ಮುಂದೆ ನಿಮ್ ಫಾರಂ ಏನೂ ಅಲ್ಲ."

ರೇಷ್ಮೆಗೂಡಿನ ಮಾರುಕಟ್ಟೆಯ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಬಿಚ್ಚಿದೆ. ನನ್ನ ನಿರೀಕ್ಷೆಯೆಲ್ಲ ಬೇಕರಿಗಳಲ್ಲಿ ಡಿಸೆಂಬರಿನಲ್ಲಿ ತೂಗುಹಾಕುವ ಚಿತ್ರಗಳದ್ದು. ನಕ್ಷತ್ರ, ಗೋದಲಿ, ಕುರಿಮರಿ, ಒಂಟೆಯ ಮೇಲೆ ಕೂತ ಪಂಡಿತರು. ಪುಟ ತೆರೆದರೆ ಒಂದು ಕುರಿಯೂ ಇಲ್ಲ. ಬರೀ ಹೆಸರುಗಳು. ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಕೋಬ, ಆತನಿಗೆ ಇವನು, ಇವನಿಗೆ ಮತ್ತೊಬ್ಬ. ಕೆಲವು ಹೆಸರಂತೂ ಹಲ್ಲು ಗಟ್ಟಿಯಿದ್ದವರು ಮಾತ್ರ ಓದಬೇಕಾದವು. ಲೋಕವನ್ನು ಉದ್ಧಾರ ಮಾಡುವ ಕಥೆ ಹೇಳುತ್ತೇನೆ ಎಂದು ಕರೆದು ಕೂರಿಸಿಕೊಂಡು, ಹೀಗೆ ತಾತ ಮುತ್ತಾತಂದಿರ ಪಟ್ಟಿ ಓದುವುದೇ? ನನ್ನ ಹಾಗೆ ಊಟಕ್ಕೆ ನುಗ್ಗುವವರನ್ನು ಬಾಗಿಲಲ್ಲೇ ತಡೆಯುವ ಉಪಾಯ ಇದಿರಬೇಕು ಎನಿಸಿತು.

ಉಳಿದ ಮೂವರು ಹೇಗೆ ಶುರು ಮಾಡಿದ್ದಾರೆ ಎಂದೂ ನೋಡಿದೆ. ಒಬ್ಬಾತ ಜಗತ್ತು ಹುಟ್ಟುವುದಕ್ಕೂ ಮೊದಲಿನಿಂದ ಶುರು ಮಾಡುತ್ತಾನೆ. ಅಲ್ಲಿಗೆ ಹೋಗಲು ನನಗೆ ಉಸಿರು ಸಾಲದು. ಇನ್ನೊಬ್ಬ, ದೊಡ್ಡ ಮನುಷ್ಯರೊಬ್ಬರನ್ನು ಸಂಬೋಧಿಸಿ, ಈಗಾಗಲೇ ಹಲವರು ಬರೆದಿದ್ದಾರೆ, ನಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವ ಧಾಟಿಯಲ್ಲಿ ಆರಂಭಿಸುತ್ತಾನೆ. ಮತ್ತೊಬ್ಬನಿಗೆ ಮಾತ್ರ ಬಸ್ಸು ಹೊರಡುವ ಗಡಿಬಿಡಿ. ಪುಟ ತಿರುವುವಷ್ಟರಲ್ಲಿ ಅಡವಿಯಲ್ಲಿ ಯಾರೋ ಕೂಗುತ್ತಿರುತ್ತಾರೆ, ದಾರಿ ಬಿಡಿ ದಾರಿ ಬಿಡಿ ಎಂದು. ಇವರ ನಡುವೆ ಮತ್ತಾಯನೊಬ್ಬ ಯಾಕೆ ಹೀಗೆ ಎಂದು ರಾಯಪ್ಪನನ್ನು ಕೇಳಿದೆ. "ಅವ್ನು ಮೊದ್ಲು ಸುಂಕ ವಸೂಲಿ ಮಾಡ್ತಿದ್ದೋನು ಸಾ" ಎಂದ. ಎಲ್ಲ ಅರ್ಥವಾಯಿತು. ರೆವಿನ್ಯೂ ಇಲಾಖೆಯವರಿಗೆ ದೇವರೇ ಎದುರು ಬಂದು ನಿಂತರೂ ಮೊದಲು ಕೇಳುವುದು ವಂಶವೃಕ್ಷವನ್ನೇ.

ಆದರೆ ಪಟ್ಟಿಯನ್ನು ಒಸಿ ನಿಧಾನವಾಗಿ ಓದಿದರೆ ಮತ್ತಾಯ ಅಂಥ ಸಾಧು ಗುಮಾಸ್ತನಲ್ಲ. ಗಂಡಸರ ಹೆಸರುಗಳ ಮಧ್ಯೆ ನಾಲ್ಕು ಕಡೆ ಹೆಂಗಸರನ್ನು ತಂದು ಕೂರಿಸಿದ್ದಾನೆ. ಯಾರು ಆ ಹೆಂಗಸರು ಎಂದು ರಾಯಪ್ಪನಿಂದಲೇ ಕೇಳಿ ತಿಳಿದುಕೊಂಡೆ. ಒಬ್ಬಳು ವಿಧವೆ, ಮುಸುಕು ಹಾಕಿಕೊಂಡು ಮಾವನಿಂದಲೇ ಮಕ್ಕಳನ್ನು ಪಡೆದವಳು. ಒಬ್ಬಳು ಊರ ಕೋಟೆಯ ಬಳಿ ಮನೆ ಮಾಡಿಕೊಂಡಿದ್ದ ಸೂಳೆ. ಇನ್ನೊಬ್ಬಳು ಗಂಡ ಸತ್ತ ಮೇಲೆ ಅತ್ತೆಯ ಹಿಂದೆ ಪರದೇಶಕ್ಕೆ ಬಂದು, ಹಕ್ಕಲು ತೆನೆ ಆಯುತ್ತಾ ಎರಡನೇ ಮದುವೆಯಾದವಳು. ನಾಲ್ಕನೆಯವಳು ರಾಜ ತನ್ನ ಸಿಪಾಯಿಯಿಂದ ಕಸಿದುಕೊಂಡವಳು. ಇಂಥ ನಾಲ್ವರು ನಮ್ಮ ಮನೆಯಲ್ಲಿದ್ದಿದ್ದರೆ ಹೆಣ್ಣು ಕೇಳಲು ಹೋದಲ್ಲಿ ಸಾಯಲಿ, ಕನಸಿನಲ್ಲೂ ಅವರ ಹೆಸರು ಎತ್ತುತ್ತಿರಲಿಲ್ಲ. ಮತ್ತಾಯ ದೇವರ ವಂಶದಲ್ಲೇ ಅವರನ್ನು ನಿಲ್ಲಿಸಿ ಮುಂದಕ್ಕೆ ಹೋಗಿದ್ದಾನೆ, ಒಂದು ಕೆಮ್ಮು ಕೂಡ ಇಲ್ಲದೆ.

ಪಟ್ಟಿಯ ಕೊನೆಯಲ್ಲಿರುವುದು ಇನ್ನೂ ದೊಡ್ಡದು. ಅಪ್ಪ, ಮಗ, ಅಪ್ಪ, ಮಗ ಎಂದು ಇಳಿಯುತ್ತಾ ಬಂದು ಯೋಸೇಫ ಎಂಬ ಬಡಗಿಯ ಹತ್ತಿರ ನಿಲ್ಲುತ್ತಾನೆ. ಮುಂದಿನ ಸಾಲಿನಲ್ಲಿ ಯೋಸೇಫನ ಮಗ ಯೇಸು ಎಂದು ಬರಬೇಕು ತಾನೆ? ಬರುವುದಿಲ್ಲ. ಯೋಸೇಫ ಮರಿಯಳ ಗಂಡ, ಮರಿಯಳಿಂದ ಯೇಸು ಹುಟ್ಟಿದ ಎಂದು ಬರೆದು ಮೆಲ್ಲಗೆ ಜಾರಿಕೊಂಡುಬಿಡುತ್ತಾನೆ. ಮಗು ಯೋಸೇಫನದಲ್ಲ ಎನ್ನುವುದು ಮುಂದಿನ ಪ್ಯಾರಾದಲ್ಲೇ ಇದೆ. ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಮಗ ಆತನವನಲ್ಲ ಎಂದರೆ ಆತನ ತಾತ ಮುತ್ತಾತಂದಿರ ಈ ಮೆರವಣಿಗೆಯೆಲ್ಲ ಯಾಕೆ ಬೇಕಿತ್ತು? ವಿಮೆಯ ಲೆಕ್ಕದಲ್ಲಿ ನೋಡಿದರೆ ಈ ಅರ್ಜಿ ಅಲ್ಲೇ ತಿರಸ್ಕಾರವಾಗಬೇಕು. ರಾಯಪ್ಪನಿಗೆ ಹಾಗೆಯೇ ಹೇಳಿದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಗುಡೀಲಿ ಸಾಮಿಗಳು ಇದನ್ನ ಓದೋವಾಗ ನಾವೆಲ್ಲ ತೂಕಡಿಸ್ತೀವಿ ಸಾ. ನೀವೇ ಮೊದಲ್ನೇ ಸಲ ಎಚ್ಚರವಾಗಿ ಓದಿರೋದು" ಎಂದು ನಕ್ಕ.

ನಾನು ಎಚ್ಚರವಾಗಿ ಓದಲು ಕಾರಣವಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಇದೇ ತಕರಾರು ನಡೆಯುತ್ತಿತ್ತು.

ಬಿಡದಿಯ ಕಾರ್ಖಾನೆಗಳು ಹೊಟ್ಟೆ ತುಂಬದೆ ಸುತ್ತಲಿನ ಹಳ್ಳಿಗಳ ಕಡೆ ಬಾಯಿ ಚಾಚಿದಾಗ ನಮ್ಮ ಹೊಲವೂ ಆ ಗೆರೆಯೊಳಗೆ ಬಿತ್ತು. ಪಂಚಾಯ್ತಿ ಗೋಡೆಗೆ ನೋಟೀಸು ಅಂಟಿತು. ಜಮೀನು ದೊಡ್ಡಪ್ಪ ಪುಟ್ಟೇಗೌಡ ಮತ್ತು ನಮ್ಮಪ್ಪ ನಂಜೇಗೌಡ, ಇಬ್ಬರದೂ ಜಂಟಿ. ಪರಿಹಾರದ ದುಡ್ಡು ಬರಬೇಕಾದರೆ ವಂಶವೃಕ್ಷ ಮಾಡಿಸಿ ಎಂದ ಗ್ರಾಮ ಲೆಕ್ಕಿಗ. ಊರಿನ ಹಿರಿಯರು ಮಹಜರಿಗೆ ಬಂದು, ಈ ಮನೆಗೆ ಇಂತಿಂಥವರು ಮಕ್ಕಳು ಎಂದು ಹೇಳಿ ಹೆಬ್ಬೆಟ್ಟೋ ರುಜುವೋ ಹಾಕಬೇಕು. ನಮ್ಮಪ್ಪನಿಗೆ ನಾನೊಬ್ಬ. ದೊಡ್ಡಪ್ಪನಿಗೆ ಶಿವಲಿಂಗಣ್ಣ.

ಶಿವಲಿಂಗಣ್ಣ ದೊಡ್ಡವ್ವನ ಸೆರಗು ಹಿಡಿದುಕೊಂಡು ನಮ್ಮ ಮನೆಗೆ ಬಂದವನು. ದೊಡ್ಡವ್ವನ ಮೊದಲ ಗಂಡ ತೀರಿಕೊಂಡಿದ್ದ. ದೊಡ್ಡಪ್ಪ ಆಕೆಗೆ ಸೀರೆ ಉಡಿಸಿ ಕೂಡಾವಳಿ ಮಾಡಿಕೊಂಡಾಗ ಹುಡುಗನಿಗೆ ಇನ್ನೂ ಹಾಲುಹಲ್ಲು. ಆಮೇಲೆ ಆಕೆಗೆ ಮಕ್ಕಳಾಗಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಮಾತು, ಗೊತ್ತಿದ್ದೂ ಎಲ್ಲರೂ ಮರೆತಿದ್ದ ಮಾತು. ಹೊಲ ಉತ್ತವನು ಅವನು, ದೊಡ್ಡಪ್ಪನನ್ನು ಆಸ್ಪತ್ರೆಗೆ ಹೊತ್ತವನು ಅವನು, ನನಗೆ ಕೆರೆಯಲ್ಲಿ ಈಜು ಕಲಿಸಿದವನೂ ಅವನೇ. ನೋಟೀಸು ಅಂಟಿದ ಮೇಲೆ ಊರಿನ ನೆನಪಿನ ಶಕ್ತಿ ಇದ್ದಕ್ಕಿದ್ದಂತೆ ಚುರುಕಾಯಿತು. ನಮ್ಮಪ್ಪನದಂತೂ ವಿಪರೀತ. ಅಪ್ಪ ಕೆಟ್ಟವನಲ್ಲ. ಮನೆಗೆ ಬಂದ ಬೆಕ್ಕಿಗೂ ಹಾಲು ಹಾಕುವವನು. ಆದರೆ ಆ ನೋಟೀಸು ಎಂಥವರನ್ನೂ ಒಂದು ವಾರದಲ್ಲಿ ವಕೀಲರನ್ನಾಗಿ ಮಾಡಿತ್ತು.

ದೊಡ್ಡಪ್ಪ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ತೊಂದರೆಯೆಂದರೆ ದೊಡ್ಡಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಯ ಹತ್ತಿರ ಹೋಗಿ ಗಟ್ಟಿಯಾಗಿ ಕೂಗಬೇಕು. ಊರಿನಲ್ಲಿ ಈ ವಿಷಯವನ್ನು ಎಲ್ಲರೂ ಗುಸುಗುಸು ಆಡುತ್ತಿದ್ದುದರಿಂದ, ಗುಸುಗುಸು ಕೇಳಿಸದ ಅವನೊಬ್ಬನಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಇಂಥದ್ದನ್ನು ಕೂಗಿ ಹೇಳುವ ಧೈರ್ಯ ಯಾರಿಗಿದೆ? ನೀನೇ ಹೋಗಿ ಮಾತಾಡು ಎಂದು ನಾನು ಶಿವಲಿಂಗಣ್ಣನಿಗೆ ಹೇಳಿದೆ. ಅವನು ಎತ್ತಿನ ಮೈ ತಿಕ್ಕುತ್ತಿದ್ದ. ನನ್ನ ಕಡೆ ತಿರುಗಲಿಲ್ಲ.

"ಏನಂತ ಕೇಳ್ಲಾ? ಅಪ್ಪಾ, ನಾನು ನಿನ್ ಮಗ ಹೌದಾ ಅಲ್ವಾ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗ್ಲಾ?"

ಪಾಲು ಹೋದರೆ ಹೋಗಲಿ ಎನ್ನುವಷ್ಟು ಅವನು ಗಟ್ಟಿಯಿದ್ದ. ಈ ಪ್ರಶ್ನೆ ಕೇಳುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ನಾನು ಎತ್ತಿನ ಇನ್ನೊಂದು ಮಗ್ಗುಲು ತಿಕ್ಕತೊಡಗಿದೆ. ಎತ್ತು ಒದೆಯಿತು, ಅದಕ್ಕೂ ನಾನು ವಿಮೆ ಏಜೆಂಟ್ ಎಂದು ಗೊತ್ತಿತ್ತೋ ಏನೋ.

ಅಪ್ಪನಿಗೆ ಬುದ್ಧಿ ಹೇಳಲು ಹೊಸದಾಗಿ ಓದಿದ್ದ ಮತ್ತಾಯನನ್ನೇ ಹಿಡಿದುಕೊಂಡು ಹೋದೆ. ನೋಡಪ್ಪ, ಅವರಲ್ಲಿ ದೇವರ ಮಗನನ್ನೇ ಸಾಕಿದ ತಂದೆಯ ವಂಶಕ್ಕೆ ಸೇರಿಸಿ ಬರೆದಿದ್ದಾರೆ, ಎರಡು ಸಾವಿರ ವರ್ಷದಿಂದ ಒಬ್ಬರೂ ತಕರಾರು ಮಾಡಿಲ್ಲ ಎಂದೆ. ನಮ್ಮ ಪುರಾಣಗಳಲ್ಲೂ ದೇವರ ವರದಿಂದ ಹುಟ್ಟಿದವರನ್ನೆಲ್ಲ ಅರಮನೆಯವರು ನಮ್ಮ ಮಕ್ಕಳೇ ಎಂದು ಬರೆದುಕೊಳ್ಳಲಿಲ್ಲವೇ ಎಂದೂ ಸೇರಿಸಿದೆ. ಶಿವಲಿಂಗಣ್ಣನ ಪಾಲು ತಪ್ಪಿದರೆ ಅದು ಕೊನೆಗೆ ಬರುವುದು ನನ್ನ ಕೈಗೇ, ನನಗದು ಬೇಡ ಎಂದೆ. ಅಪ್ಪ ಎಲೆಗೆ ಸುಣ್ಣ ಸವರುತ್ತಾ ಎಲ್ಲವನ್ನೂ ಕೇಳಿದ.

"ಆ ಬಡಗೀದು ಜಮೀನೇನಾದ್ರೂ ಇಂಡಸ್ಟ್ರಿಗೆ ಹೋಗಿತ್ತೇನ್ಲಾ?"

ಮತ್ತಾಯನ ಪಟ್ಟಿಯ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ಬೇಕಾದಷ್ಟು ಬರೆದಿರಬಹುದು. ಇಷ್ಟು ಮೊನಚಾದ ಪ್ರಶ್ನೆಯನ್ನು ಅವರಲ್ಲಿ ಯಾರೂ ಎತ್ತಿರಲಾರರು. ನಾನು ಪುಸ್ತಕ ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಅಷ್ಟರಲ್ಲಿ ಸುಗ್ಗಿ ಮುಗಿದು ಹೆಳವರ ಸಿದ್ದಪ್ಪ ಬರುವ ಕಾಲವಾಯಿತು. ಹೆಳವರನ್ನು ನೋಡಿಲ್ಲದವರಿಗೆ ಹೇಳಬೇಕು: ಮನೆಮನೆಯ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಬಂದು, ಜಗುಲಿಯ ಮೇಲೆ ಕೂತು ಹಾಡಿನಂತೆ ಒಪ್ಪಿಸಿ, ಕಾಳುಕಡ್ಡಿ ಪಡೆದು ಹೋಗುವವರು ಅವರು. ನಮ್ಮ ಮೂಲದೇವರು ಯಾವುದು, ಯಾವ ಊರು ಬಿಟ್ಟು ಬಂದೆವು, ಯಾರು ಯಾರ ಮಗ, ಎಲ್ಲ ಅವರಿಗೇ ಗೊತ್ತು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಸಿದ್ದಪ್ಪ ಕಾಲಕ್ಕೆ ತಕ್ಕಂತೆ ಎತ್ತು ಮಾರಿ ಮೊಪೆಡ್ ತೆಗೆದುಕೊಂಡಿದ್ದ. ಎತ್ತಿನ ಕೊರಳ ಗಂಟೆಯನ್ನು ಅದರ ಹ್ಯಾಂಡಲಿಗೆ ಕಟ್ಟಿದ್ದ. ಮತ್ತಾಯನನ್ನು ಓದುವಾಗಲೆಲ್ಲ ನನ್ನ ಕಿವಿಯಲ್ಲಿ ಕೇಳುತ್ತಿದ್ದುದು ಈ ಸಿದ್ದಪ್ಪನ ರಾಗವೇ. ಆತನೂ ಒಬ್ಬ ಹೆಳವನೇ ಸರಿ, ಜಗುಲಿ ಸ್ವಲ್ಪ ದೊಡ್ಡದು, ಅಷ್ಟೆ.

ಕಾಗದಕ್ಕೆ ಹೆಳವನ ಮಾತು ಬೇಕಿರಲಿಲ್ಲ. ಆದರೆ ಊರ ಹಿರಿಯರಿಗೆ ಬೇಕಿತ್ತು. ಮಹಜರಿನಲ್ಲಿ ಏನು ಹೇಳುವುದು ಎಂದು ಇಕ್ಕಟ್ಟಿಗೆ ಸಿಕ್ಕಿದ್ದ ಅವರು, ಹೆಳವಯ್ಯ ಏನಂತಾನೋ ನಾವೂ ಅದನ್ನೇ ಅನ್ನುತ್ತೇವೆ ಎಂದು ಜವಾಬ್ದಾರಿಯನ್ನು ಮೊಪೆಡ್ಡಿನ ಮೇಲೆ ಹೇರಿ ಕೂತಿದ್ದರು. ನಮ್ಮಪ್ಪ ಇದನ್ನು ಬಲ್ಲ. ಊರ ಬಾಗಿಲಲ್ಲೇ ಸಿದ್ದಪ್ಪನನ್ನು ಹಿಡಿದು, ಒಂದು ಹೆಸರು ಬಿಟ್ಟು ಹಾಡಿದರೆ ಕೊಬ್ಬಿದ ಟಗರೊಂದು ಕೊಡುತ್ತೇನೆ ಎಂದು ಒಪ್ಪಿಸಿಬಿಟ್ಟಿದ್ದ. ಇದು ನನಗೆ ತಿಳಿದದ್ದು ಆಮೇಲೆ.

ಬೆಳಗಿನ ಹೊತ್ತು. ಜಗುಲಿಯ ಮೇಲೆ ಕಂಬಳಿ ಹಾಸಿ ಸಿದ್ದಪ್ಪನನ್ನು ಕೂರಿಸಿದರು. ಎದುರಿಗೆ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ, ಅಂಗಳದ ತುಂಬ ಊರವರು. ದೊಡ್ಡವ್ವ ಬಾಗಿಲ ಮರೆಯಲ್ಲಿ. ಶಿವಲಿಂಗಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಸಿದ್ದಪ್ಪ ಮೂಲದೇವರಿಗೆ ಕೈ ಮುಗಿದು ಶುರು ಮಾಡಿದ. ಹೊಳೆ ದಾಟಿ ಬಂದವರು, ಕಾಡು ಕಡಿದವರು, ಕೆರೆ ಕಟ್ಟಿಸಿದವರು, ಅವರ ಮಗ, ಆ ಮಗನ ಮಗ ಎಂದು ಇಳಿದು ಇಳಿದು ನಮ್ಮ ತಾತನವರೆಗೆ ಬಂದ. ತಾತನ ಹಿರೀಮಗ ಪುಟ್ಟೇಗೌಡರು, ಕಿರೀಮಗ ನಂಜೇಗೌಡರು, ನಂಜೇಗೌಡರ ಮಗ ಎಂದು ನನ್ನ ಹೆಸರು ಹೇಳಿ, ಮಂಗಳ ಹಾಡಿ ನಿಲ್ಲಿಸಿಬಿಟ್ಟ.

ಹಿರಿಯರು ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ತಿರುಗಿ ನೋಡಿದರೆ ಶಿವಲಿಂಗಣ್ಣ ಕಂಬದ ಹತ್ತಿರ ಇರಲಿಲ್ಲ. ಕೊಟ್ಟಿಗೆಯ ಕಡೆ ಹೊರಟುಹೋಗಿದ್ದ. ಬಾಗಿಲ ಮರೆಯಲ್ಲಿ ದೊಡ್ಡವ್ವನ ಬಳೆ ಒಂದು ಸಲ ಸದ್ದಾಗಿ ಸುಮ್ಮನಾಯಿತು. ನಾನು ಬಾಯಿ ತೆರೆಯಬೇಕು ಎಂದುಕೊಂಡೆ.

ಅಷ್ಟರಲ್ಲಿ ದೊಡ್ಡಪ್ಪ ನನಗಿಂತ ಮುಂದಾದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಸಿದ್ದಪ್ಪನ ತುಟಿ ಅಲ್ಲಾಡುವುದು ನಿಂತದ್ದು ಕಂಡು, ವಂಶ ಮುಗಿಯಿತು, ಇನ್ನು ರಾಗಿ ಕೊಡಬೇಕು ಎಂದುಕೊಂಡ. ನಮ್ಮಲ್ಲಿ ಮೊರ ತುಂಬ ರಾಗಿ ತಂದು ಹೆಳವನ ಬಟ್ಟೆಗೆ ಸುರಿಯುವವನು ಮನೆಯ ಹಿರಿಯ ಮಗ.

"ಲೇ ಶಿವಲಿಂಗಾ! ಎಲ್ಲೋದ್ಲಾ? ಮೊರ ತಕ್ಕೊಂಡ್ ಬಾರ್ಲಾ, ಹೆಳವಯ್ಯ ಕಾಯ್ತಾ ಕುಂತವ್ನೆ!"

ಕಿವುಡರು ಕೂಗಿದರೆ ಗೊತ್ತಲ್ಲ, ಆಚೆ ಬೀದಿಯ ನಾಯಿ ಎದ್ದು ಕೂತಿತು. ಅಪ್ಪ ಗಾಬರಿಯಾಗಿ ಅವನ ಕಿವಿಗೆ ಬಾಯಿಟ್ಟು, "ನಾನ್ ತತ್ತೀನಿ ಬುಡು ಅಣ್ಣಯ್ಯ" ಎಂದು ಕೂಗಿದ.

"ನೀನ್ಯಾಕ್ಲಾ ತರೋದು? ಮನೇಲಿ ಮಗ ಇಲ್ವಾ?" ಎಂದ ದೊಡ್ಡಪ್ಪ, ಅದಕ್ಕಿಂತ ಜೋರಾಗಿ.

ಶಿವಲಿಂಗಣ್ಣ ಕೊಟ್ಟಿಗೆಯಿಂದ ಬಂದ. ದೊಡ್ಡವ್ವ ಬಾಗಿಲಲ್ಲೇ ಮೊರ ಕೊಟ್ಟಳು. ಗೋಪುರದಂತೆ ತುಂಬಿದ್ದಳು, ಒಂದಿಷ್ಟು ಕಾಳು ಹೊಸ್ತಿಲ ಮೇಲೆ ಚೆಲ್ಲಿತು. ಅವನು ಸಿದ್ದಪ್ಪನ ಎದುರು ಮಂಡಿಯೂರಿ ಮೊರ ಚಾಚಿದ. ಸಿಕ್ಕಿಬಿದ್ದವನು ಈಗ ಸಿದ್ದಪ್ಪ. ಕೊಟ್ಟವರನ್ನು ಅಪ್ಪನ ಹೆಸರಿನೊಂದಿಗೆ ಕೂಗಿ ಹರಸದೆ ಹೆಳವರು ಒಂದು ಕಾಳೂ ಮುಟ್ಟುವಂತಿಲ್ಲ. ಹೆಸರಿಲ್ಲದ ರಾಗಿ ಅವರಿಗೆ ಸಲ್ಲದು. ಮೊರ ಒಲ್ಲೆ ಎಂದರೆ ಈ ಮನೆಯ ಜೊತೆ ಊರಿನ ಎಲ್ಲ ಮನೆಯ ರಾಗಿಯೂ ಹೋಗುತ್ತದೆ. ಸಿದ್ದಪ್ಪ ನಮ್ಮಪ್ಪನ ಮುಖ ನೋಡಿದ. ರಾಗಿ ನೋಡಿದ. ಮತ್ತೆ ಅಪ್ಪನ ಮುಖ ನೋಡಿ, ಕ್ಷಮಿಸಿ ಗೌಡ್ರೆ ಎನ್ನುವಂತೆ ಕಣ್ಣು ಮುಚ್ಚಿ, ಗಂಟಲೆತ್ತಿ ಹಾಡಿದ.

"ಪುಟ್ಟೇಗೌಡರ ಮಗ ಶಿವಲಿಂಗೇಗೌಡರು ಕೊಟ್ಟವ್ರೆ, ಅವರ ಕಣ ತುಂಬ್ಲಿ, ಅವರ ವಂಸ ಬೆಳೀಲಿ!"

ಹಿರಿಯರೆಲ್ಲ ಒಟ್ಟಿಗೆ ಉಸಿರು ಬಿಟ್ಟು, ಬೆಳೀಲಿ ಬೆಳೀಲಿ ಎಂದರು. ಅವರ ಮೇಲಿದ್ದ ಭಾರ ಇಳಿದಿತ್ತು. ದೊಡ್ಡಪ್ಪ ಏನೂ ನಡೆದೇ ಇಲ್ಲವೆಂಬಂತೆ ಎಲೆಚೀಲ ಹುಡುಕತೊಡಗಿದ. ಅವನ ಮಟ್ಟಿಗೆ ನಿಜವಾಗಿಯೂ ಏನೂ ನಡೆದಿರಲಿಲ್ಲ.

ಮತ್ತಾಯನ ಎರಡನೇ ಪ್ಯಾರಾ ನನಗೆ ಅರ್ಥವಾದದ್ದು ಆ ಮಧ್ಯಾಹ್ನ. ಮಗು ತನ್ನದಲ್ಲ ಎಂದು ತಿಳಿದಾಗ ಯೋಸೇಫ ಸದ್ದಿಲ್ಲದೆ ಆಕೆಯನ್ನು ಬಿಟ್ಟುಬಿಡೋಣ ಎಂದುಕೊಳ್ಳುತ್ತಾನೆ. ಆಗ ಕನಸಿನಲ್ಲಿ ದೇವದೂತ ಬಂದು ಕೈಹಿಡಿ ಎನ್ನುತ್ತಾನೆ, ಮಗುವಿಗೆ ನೀನೇ ಹೆಸರಿಡು ಎನ್ನುತ್ತಾನೆ. ಯೋಸೇಫ ಹಾಗೆಯೇ ಮಾಡುತ್ತಾನೆ. ಇಡೀ ಶುಭಸಂದೇಶದಲ್ಲಿ ಆ ಬಡಗಿಯ ಬಾಯಿಂದ ಒಂದು ಮಾತೂ ಇಲ್ಲವಂತೆ. ಹೆಸರಿಟ್ಟು, ಆ ಹೆಸರು ಹಿಡಿದು ಕರೆದ, ಅಷ್ಟೇ. ಅಬ್ರಹಾಮನಿಂದ ಇಳಿದು ಬಂದ ಆ ಉದ್ದದ ಮೆರವಣಿಗೆ ಮಗುವಿನ ಹಿಂದೆ ಬಂದು ನಿಲ್ಲಲು ಅಷ್ಟು ಸಾಕಾಯಿತು. ದೊಡ್ಡಪ್ಪನಿಗೆ ಕನಸೂ ಬಿದ್ದಿರಲಿಲ್ಲ, ದೇವದೂತನೂ ಬಂದಿರಲಿಲ್ಲ. ಬಂದಿದ್ದರೂ ಆತ ಹೇಳಿದ್ದು ಕೇಳಿಸುತ್ತಿರಲಿಲ್ಲ.

ಮಹಜರಿನ ದಿನ ಹಿರಿಯರು ತೊದಲದೆ ಶಿವಲಿಂಗೇಗೌಡ ಎಂದು ಹೇಳಿದರು. ಅಪ್ಪನೂ ರುಜು ಹಾಕಿದ. ಆದರೆ ನನ್ನ ಮಟ್ಟಿಗೆ ವ್ಯಾಜ್ಯ ಅದಕ್ಕೂ ಮೊದಲೇ, ಹೆಳವ ಬಂದ ದಿನವೇ ತೀರಿತ್ತು. ಅದನ್ನು ಹೇಳಿಬಿಡುತ್ತೇನೆ.

ಜನ ಚದುರಿದ ಮೇಲೆ ಸಿದ್ದಪ್ಪ ಹಿತ್ತಿಲಿಗೆ ಬಂದು ಅಪ್ಪನ ಮುಂದೆ ಕೈ ಹೊಸೆಯುತ್ತಾ ನಿಂತ. ಟಗರು ಕೇಳಲು!

"ಹೆಸರು ಹೇಳ್ಬುಟ್ಯಲ್ಲಯ್ಯಾ!" ಎಂದು ಅಪ್ಪ ಹಲ್ಲು ಕಡಿದ.

"ಮೊದಲ್ನೇ ಸಲ ಬುಟ್ಟಿದ್ನಲ್ಲಾ ಬುದ್ಧಿ. ಅರ್ಧ ಟಗರಾದ್ರೂ ನ್ಯಾಯವಾಗಿ ಬರ್ಬೇಕು."

ಅಪ್ಪ ಅವನನ್ನು ಹೊಡೆಯುತ್ತಾನೆ ಎಂದುಕೊಂಡೆ. ಒಂದು ಗಳಿಗೆ ಹಾಗೆಯೇ ದುರುಗುಟ್ಟಿಕೊಂಡು ನಿಂತವನು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗುವಿನ ನೀರೇ ಎಂದು ನಾನು ಪ್ರಮಾಣ ಮಾಡಲಾರೆ. ಅರ್ಧ ಟಗರನ್ನು ಜೀವಂತ ಕೊಡಲು ಬಾರದ ಕಾರಣ ಇಡೀ ಟಗರು ಬಿತ್ತು. ಕುಯ್ದವನು ಶಿವಲಿಂಗಣ್ಣ. ಸಿದ್ದಪ್ಪನ ಪಾಲಿನ ಬಾಡು ಮೊಪೆಡ್ಡಿನ ಚೀಲಕ್ಕೆ ಹೋಯಿತು. ಉಳಿದದ್ದು ಒಲೆ ಏರಿತು.

ಮಧ್ಯಾಹ್ನ ಒಂದೇ ಸಾಲಿನಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಅಪ್ಪನಿಗೂ ಶಿವಲಿಂಗಣ್ಣನಿಗೂ ತಿಂಗಳಿಂದ ಮಾತಿರಲಿಲ್ಲ. ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಶಿವಲಿಂಗಣ್ಣನ ಎಲೆಯಲ್ಲಿ ಮುದ್ದೆ ಮುಗಿಯುತ್ತಾ ಬಂತು. ಅವನಾಗಿ ಕೇಳುವವನಲ್ಲ. ಅಪ್ಪ ಅವನ ಎಲೆಯನ್ನು ಓರೆಗಣ್ಣಿನಲ್ಲಿ ನೋಡಿದ, ತನ್ನ ಎಲೆ ನೋಡಿಕೊಂಡ, ಸಾರಿನಲ್ಲಿ ಬೆರಳು ಆಡಿಸಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಕಿವಿ ಚೆನ್ನಾಗಿಯೇ ಕೇಳುವ ನಮ್ಮವ್ವನಿಗೆ, ದೊಡ್ಡಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದ.

"ಏನೇ, ನಮ್ಮಣ್ಣನ ಮಗನ ಎಲೆ ಬರಿದಾಗೈತೆ ಕಾಣಲ್ವಾ? ಇನ್ನೊಂದು ಮುದ್ದೆ ತತ್ತಾರೇ!"